ಅರ್ಧ ಗುಲಗಂಜಿ

2012ರ ಜೂನ್ ತಿಂಗಳ ಒಂದು ಶನಿವಾರ ನನ್ನ ರೈಫಲ್ಲಿನ ಬೋಲ್ಟ್ ಮೇಲೇಳಲಿಲ್ಲ. ಪೆನ್ಸಿಲ್ವೇನಿಯಾದ ಯಾರ್ಕ್ ಊರಿನಾಚೆ, ಸೋಯಾ ಹೊಲಗಳ ನಡುವೆ ಇರುವ ಗುರಿ ಅಭ್ಯಾಸದ ಮೈದಾನ ಅದು. ಆರು ಈಡು ಹೊಡೆದಿದ್ದೆ. ಆರಕ್ಕೂ ಬೋಲ್ಟಿನ ಹಿಡಿ ಎರಡು ಬೆರಳಿಗೆ ಎದ್ದಿತ್ತು. ಸ್ವಲ್ಪ ವಿಶ್ರಾಂತಿ ಇರಲೆಂದು ನಿಲ್ಲಿಸಿ, ನಳಿಗೆಗೆ ಬ್ರಷ್ ಎಳೆದು, ಎಣ್ಣೆ ಬಟ್ಟೆ ಹಾಕಿ, ನೀರು ಕುಡಿದು ಮತ್ತೆ ಕೂತೆ. ಏಳನೆಯ ತೋಟಾ ಹೊಡೆದ ಮೇಲೆ ಹಿಡಿ ಕಲ್ಲಿನ ಹಾಗೆ ಕೂತಿತು. ಅಂಗೈ ಕೊಟ್ಟು ತಳ್ಳಿದಾಗ ಟಕ್ಕೆಂದು ಎದ್ದು, ಖಾಲಿ ತೋಟಾ ಹೊರಬಿತ್ತು. ಎತ್ತಿ ನೋಡಿದರೆ ಮದ್ದಿಗೆ ಬೆಂಕಿ ಹತ್ತಿಸುವ ಅದರ ಬುಡದ ಕೇಪು ಸುತ್ತಿಗೆಯಲ್ಲಿ ಬಡಿದಂತೆ ಚಪ್ಪಟೆ. ಅಂಚಿನ ಗುಂಡನೆಯ ಬಾಗು ಅಳಿಸಿಹೋಗಿ ಸುತ್ತಲಿನ ಹಿತ್ತಾಳೆಗೆ ಸಮವಾಗಿತ್ತು.

ಆರನೆಯ ಖಾಲಿ ತೋಟಾ ಇನ್ನೂ ಮೇಜಿನ ಮೇಲಿತ್ತು. ಅದರ ಕೊರಳಿನಿಂದ ಭುಜದವರೆಗೆ ಕಪ್ಪು ಮಸಿ ಹಿಡಿದಿತ್ತು. ಎರಡನ್ನೂ ಅಂಗೈಯಲ್ಲಿಟ್ಟುಕೊಂಡು ಕೂತೆ. ತೋಟಾಗಳ ಭಾಷೆ ಅಷ್ಟಿಷ್ಟು ಕಲಿತಿದ್ದವನಿಗೆ ಇವು ಹೇಳುತ್ತಿದ್ದದ್ದು ಪರಸ್ಪರ ವಿರುದ್ಧದ ಮಾತು. ಒತ್ತಡ ಸಾಕಷ್ಟಿದ್ದರೆ ಹಿತ್ತಾಳೆಯ ಕೊರಳು ಹಿಗ್ಗಿ ಚೇಂಬರಿನ ಗೋಡೆಗೆ ಅಂಟಿಕೊಂಡು ಹೊಗೆ ಹಿಂದಕ್ಕೆ ಬರದಂತೆ ತಡೆಯುತ್ತದೆ. ಮಸಿ ಹಿಡಿದ ಕೊರಳೆಂದರೆ ಒತ್ತಡ ಸಾಲಲಿಲ್ಲ ಎಂದರ್ಥ. ಚಪ್ಪಟೆ ಕೇಪು, ಬಿಗಿದ ಬೋಲ್ಟು ಎಂದರೆ ಒತ್ತಡ ಮಿತಿ ಮೀರಿತು ಎಂದರ್ಥ. ಎರಡನ್ನೂ ನಾನೇ ತುಂಬಿದ್ದು, ಒಂದೇ ಸಂಜೆ, ಒಂದೇ ಡಬ್ಬಿಯ ಮದ್ದು, ಒಂದೇ ತೂಕ. ಉಳಿದ 31 ತೋಟಾಗಳನ್ನು ಪೆಟ್ಟಿಗೆಗೆ ಹಾಕಿ ಮನೆಗೆ ಬಂದೆ. ಇನ್ನೊಂದು ಹೊಡೆದು ನೋಡೋಣ ಎನ್ನುವ ಆಸೆ ಆ ಹೊತ್ತಿನಲ್ಲಿ ಬರುವಂಥದ್ದೇ. ಅದಕ್ಕೆ ಮಣಿಯದೆ ಎದ್ದು ಬಂದದ್ದು ಆ ದಿನ ನಾನು ಮಾಡಿದ ಒಂದೇ ಸರಿಯಾದ ಕೆಲಸ ಎಂದು ಈಗಲೂ ಅನ್ನಿಸುತ್ತದೆ.

ನಾನು ಕೊಡಗಿನವನು. ನಮ್ಮ ಐನ್‌ಮನೆಯಲ್ಲಿ, ಅಂದರೆ ಕುಲದ ಮೂಲಮನೆಯಲ್ಲಿ, ಗಂಡುಮಗು ಹುಟ್ಟಿದರೆ ಒಂದು ಈಡು ಹೊಡೆಯುತ್ತಾರೆ, ಸಾವಾದರೆ ಎರಡು. ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಬಂದೂಕಿನ ಪರವಾನಗಿಯಿಂದ ವಿನಾಯಿತಿ ಇರುವುದರಿಂದ ಮನೆಯ ಗೋಡೆಯಲ್ಲಿ ಕೋವಿ ಇರುವುದು ಅಲ್ಲಿ ಯಾರಿಗೂ ವಿಶೇಷವಲ್ಲ. ನಮ್ಮಲ್ಲಿದ್ದದ್ದು ಒಂಟಿ ನಳಿಗೆಯ ಕೇಪಿನ ಕೋವಿ, ಅಜ್ಜನ ಕಾಲಕ್ಕೂ ಹಿಂದಿನದು. ಅಜ್ಜ ಮದ್ದು ಸುರಿದು, ತೆಂಗಿನ ನಾರಿನ ಉಂಡೆ ತುರುಕಿ, ಗಜದಿಂದ ಗಿಡಿಯುವುದನ್ನು ನಾನು ಕಂಬಕ್ಕೊರಗಿ ನೋಡುತ್ತಿದ್ದೆ. ಉಂಡೆ ಸರಿಯಾಗಿ ಕೂತ ಮೇಲೆ ಗಜವನ್ನು ಬಿಟ್ಟರೆ ಅದು ಮೇಲಕ್ಕೆ ಪುಟಿಯಬೇಕು, ಜತೆಗೆ ಒಂದು ಗಟ್ಟಿ ನಾದ ಬರಬೇಕು. ನಾದ ಮೊದ್ದಾಗಿದ್ದರೆ ಮತ್ತೆ ಗಿಡಿಯುತ್ತಿದ್ದ. ಸಡಿಲ ಕೂತ ಮದ್ದು ಒಂದು ದಿನ ಒಂದು ಥರ, ಇನ್ನೊಂದು ದಿನ ಇನ್ನೊಂದು ಥರ ಹೊಡೆಯುತ್ತದೆ ಎಂದು ಅವನಿಗೆ ಗೊತ್ತಿತ್ತು. ಕಕ್ಕಡ ತಿಂಗಳ ಮಳೆಯಲ್ಲಿ ಕಬ್ಬಿಣಕ್ಕೆ ರಾತ್ರಿ ಬೆಳಗಾಗುವುದರೊಳಗೆ ತುಕ್ಕು ಹಿಡಿಯುವ ಊರು ನಮ್ಮದು. ಸಂಜೆ ದೀಪ ಹಚ್ಚಿದ ಮೇಲೆ ಕೋವಿಯನ್ನು ಇಳಿಸಿ, ಒಳಗೂ ಹೊರಗೂ ಎಣ್ಣೆ ಸವರಿ, ಮತ್ತೆ ಗೋಡೆಗೆ ಏರಿಸುವುದು ಅವನ ನಿತ್ಯದ ಕೆಲಸ. ಎಣ್ಣೆ ಬಟ್ಟೆ ಹಿಡಿದುಕೊಂಡು ಪಕ್ಕದಲ್ಲಿ ಕೂರುವುದು ನನ್ನದು.

ಅಮೆರಿಕಕ್ಕೆ ಬಂದು ಗ್ರೀನ್ ಕಾರ್ಡ್ ಕೈಸೇರಿದ ಮೇಲೆ, 2011ರಲ್ಲಿ, .22 ಹಾರ್ನೆಟ್ ತೋಟಾದ ಒಂದು ಪುಟ್ಟ ಬೋಲ್ಟ್ ರೈಫಲ್ ಕೊಂಡೆ. ಯಾಕೆ ಇದೇ ಎಂದು ಅಂಗಡಿಯವನು ಕೇಳಿದ್ದ. ಸದ್ದು ಕಡಿಮೆ, ಒದೆತ ಇಲ್ಲವೆನ್ನುವಷ್ಟು ಕಡಿಮೆ ಎಂದೆ. ನಿಜವಾದ ಕಾರಣ ಅದರ ಇತಿಹಾಸ. 1885ರ ಸುಮಾರಿಗೆ ಕರಿಮದ್ದಿಗಾಗಿ ಮಾಡಿದ .22 ವಿಂಚೆಸ್ಟರ್ ಎಂಬ ಹಳೆಯ ತೋಟಾವನ್ನು ತೆಗೆದುಕೊಂಡು, 1920ರ ದಶಕದಲ್ಲಿ ಟೌನ್‌ಸೆಂಡ್ ವೇಲೆನ್, ವಾಟ್ಕಿನ್ಸ್ ಮೊದಲಾದವರು ಸ್ಪ್ರಿಂಗ್‌ಫೀಲ್ಡ್ ಶಸ್ತ್ರಾಗಾರದ ಬಳಗದಲ್ಲಿ ಹೊಸ ಮದ್ದು ತುಂಬಿ ಪ್ರಯೋಗ ಮಾಡಿದ್ದರಿಂದ ಹುಟ್ಟಿದ್ದು ಹಾರ್ನೆಟ್. 1930ರಲ್ಲಿ ವಿಂಚೆಸ್ಟರ್ ಕಂಪನಿ ಅದರ ತೋಟಾವನ್ನು ಮಾರುಕಟ್ಟೆಗೆ ತಂದಿತು. ಅಂದರೆ ಇದು ಅಜ್ಜನ ಕರಿಮದ್ದಿನ ಕಾಲದ ಮೈಕಟ್ಟಿನೊಳಗೆ ಹೊಗೆಯಿಲ್ಲದ ಮದ್ದು ಕೂತಿರುವ ತೋಟಾ. ತೆಳು ಗೋಡೆ, ಉದ್ದನೆಯ ಇಳಿಜಾರು ಮೈ, ಕಾಗದದಂಥ ಕೊರಳು. ನನಗೆ ಅದು ಎರಡು ಕಾಲಗಳ ನಡುವಿನ ಸೇತುವೆಯಂತೆ ಕಂಡಿತ್ತು. ನನ್ನ ತೊಂದರೆಗಳಲ್ಲಿ ಬಹುಪಾಲು ಈ ಮೈಕಟ್ಟಿನಿಂದಲೇ ಬಂದವು ಎಂಬುದು ಆಮೇಲೆ ತಿಳಿಯಿತು.

ತೋಟಾ ತುಂಬುವುದನ್ನು ಕಲಿಸಿದವರು ನೆರೆಮನೆಯ ಹಿರಿಯರು. ಯಂತ್ರದ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಜೀವಮಾನವಿಡೀ ಲೇತ್ ಮೇಲೆ ನಿಂತು ನಿವೃತ್ತರಾದವರು. ಹೆಸರು ಹಿಡಿದು ಕರೆ ಎಂದು ಎಷ್ಟು ಸಲ ಹೇಳಿದರೂ ನನ್ನ ಬಾಯಿಗೆ ಅದು ಬರಲಿಲ್ಲ. ಅಪ್ಪನ ವಯಸ್ಸಿನವರನ್ನು ಹೆಸರಿನಿಂದ ಕರೆಯಲು ನಾಲಗೆ ಒಪ್ಪುವುದಿಲ್ಲ. ಕೊನೆಯವರೆಗೂ ‘ಸರ್’ ಎಂದೇ ಕರೆದೆ.

ಆ ಶನಿವಾರ ಸಂಜೆ ಎರಡು ಖಾಲಿ ತೋಟಾಗಳನ್ನೂ ಅವರ ಗ್ಯಾರೇಜಿನ ಮೇಜಿನ ಮೇಲಿಟ್ಟೆ. ಅವರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ.

“ಬರೆದಿಟ್ಟಿದ್ದೀಯಾ?”

“ತೂಕ ಬರೆದಿದ್ದೇನೆ ಸರ್.”

“ತೂಕ ಅಲ್ಲ. ಎಲ್ಲ. ಯಾವ ಹಿತ್ತಾಳೆ, ಎಷ್ಟನೇ ಸಲ ತುಂಬಿದ್ದು, ಹೊಡೆದ ಕ್ರಮ, ಬಿಸಿಲು, ನೆರಳು, ಮಧ್ಯೆ ಏನು ಮಾಡಿದೆ, ಎಲ್ಲ.”

ಇರಲಿಲ್ಲ. ಅವರು ಡ್ರಾಯರ್ ತೆಗೆದು ಒಂದು ಖಾಲಿ ನೋಟುಪುಸ್ತಕ ಕೊಟ್ಟರು. “ಒಂದು ಸಲಕ್ಕೆ ಒಂದನ್ನೇ ಬದಲಿಸು. ಎರಡು ಬದಲಿಸಿದರೆ ಯಾವುದರಿಂದ ಗುಣವಾಯಿತು ಎಂದು ಸಾಯುವವರೆಗೂ ಗೊತ್ತಾಗುವುದಿಲ್ಲ.”

ಒತ್ತಡ ಎಂಬುದು ಕಣ್ಣಿಗೆ ಕಾಣುವಂಥದ್ದಲ್ಲ. ಕಾರಿನ ಟೈರಿನಲ್ಲಿ ಚದರ ಇಂಚಿಗೆ ಮೂವತ್ತು ಚಿಲ್ಲರೆ ಪೌಂಡು ಗಾಳಿ ಇರುತ್ತದೆ. ಹಾರ್ನೆಟ್‌ನ ತಮ್ಮನಂಥ .223 ರೆಮಿಂಗ್ಟನ್ ತೋಟಾಗೆ ಅಮೆರಿಕದ ತಯಾರಕರ ಸಂಸ್ಥೆ ಸಾಮಿ ಇಟ್ಟಿರುವ ಗರಿಷ್ಠ ಮಿತಿ 55,000 ಪೌಂಡು. ಹಾರ್ನೆಟ್‌ನ ಮಿತಿ ಅದಕ್ಕಿಂತ ಕಡಿಮೆಯಾದರೂ ನನ್ನ ಮುಖದಿಂದ ನಾಲ್ಕು ಬೆರಳು ಆಚೆ ಹುಟ್ಟುವುದು ಆ ಜಾತಿಯ ಒತ್ತಡವೇ. ಅದು ಹುಟ್ಟಿ, ಏರಿ, ಇಳಿಯುವುದೆಲ್ಲ ಸೆಕೆಂಡಿನ ಸಾವಿರದ ಒಂದೆರಡು ಪಾಲಿನೊಳಗೆ. ಪ್ರಯೋಗಾಲಯದವರು ಸಂವೇದಕ ಕೂರಿಸಿ ಅಳೆಯುತ್ತಾರೆ. ನಮ್ಮಂಥವರು ಅದು ಬಿಟ್ಟುಹೋದ ಗುರುತುಗಳನ್ನು ನೋಡಿ ಊಹಿಸಬೇಕು, ಹೆಜ್ಜೆ ನೋಡಿ ಆನೆಯ ಗಾತ್ರ ಹೇಳಿದ ಹಾಗೆ.

ಸಣ್ಣ ತಪ್ಪು ದೊಡ್ಡದಾಗುವುದು ಹೇಗೆ ಎಂದು ಹಿರಿಯರು ವಿವರಿಸಿದ್ದು ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತಿದೆ. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಯ್ ಎಂಬಾತ ಹೊಗೆಯಿಲ್ಲದ ಮದ್ದನ್ನು ಮಾಡಿದ. ಇಂಥ ಮದ್ದು ಉರಿಯುವ ವೇಗ ಸುತ್ತಲಿನ ಒತ್ತಡದ ಮೇಲೆ ನಿಂತಿದೆ ಎಂಬ ಲೆಕ್ಕವೂ ಅವನ ಹೆಸರಿನಲ್ಲೇ ಇದೆ. ಒತ್ತಡ ಏರಿದಷ್ಟೂ ಮದ್ದು ಬೇಗ ಉರಿಯುತ್ತದೆ, ಬೇಗ ಉರಿದಷ್ಟೂ ಒತ್ತಡ ಇನ್ನೂ ಏರುತ್ತದೆ. ಒಲೆಗೆ ಊದಿದ ಬೆಂಕಿ ತಾನೇ ತಿದಿ ಒತ್ತಿಕೊಂಡಂತೆ. ಅಜ್ಜನ ಕರಿಮದ್ದಿನಲ್ಲಿ ಈ ಗುಣ ಬಹಳ ಕಡಿಮೆ, ಆದ್ದರಿಂದ ಅದು ಚಿಟಿಕೆ ಹೆಚ್ಚುಕಡಿಮೆಯನ್ನು ಸಹಿಸುತ್ತಿತ್ತು. ಹೊಸ ಮದ್ದು ಸಹಿಸುವುದಿಲ್ಲ. ಕರಿಮದ್ದಿನ ಕೋವಿಗೆ ಇದನ್ನು ಹಾಕಿದವರ ಕೈ ಹೋದ ಕಥೆ ನಮ್ಮ ಊರ ಕಡೆಯೂ ಕೇಳಿದ್ದೇನೆ. ಹಾರ್ನೆಟ್‌ನಂಥ ಚಿಕ್ಕ ತೋಟಾದಲ್ಲಿ ಜಾಗವೇ ಕಡಿಮೆ, ಆದ್ದರಿಂದ ಎಲ್ಲ ವ್ಯತ್ಯಾಸವೂ ಎದ್ದು ಕಾಣುತ್ತದೆ.

ಇಲ್ಲೊಂದು ಮಾತು. ಯಾವ ಗುಂಡಿಗೆ ಯಾವ ಮದ್ದು ಎಷ್ಟು ಎಂಬ ಲೆಕ್ಕವನ್ನು ನಾನು ಈ ಬರಹದಲ್ಲಿ ಬೇಕೆಂದೇ ಬಿಟ್ಟಿದ್ದೇನೆ. ಅದು ಮದ್ದಿನ ಕಂಪನಿ ಪರೀಕ್ಷಿಸಿ ಅಚ್ಚು ಹಾಕಿದ ಕೈಪಿಡಿಯಿಂದಲೇ ಬರಬೇಕು, ನನ್ನಂಥವನ ನೆನಪಿನಿಂದಲ್ಲ. ನಮ್ಮ ದೇಶದ ಕಾನೂನೂ ಬೇರೆ, ಅಲ್ಲಿ ಪರವಾನಗಿಯಿಲ್ಲದೆ ಮನೆಯಲ್ಲಿ ತೋಟಾ ತುಂಬುವಂತಿಲ್ಲ.

ಮೊದಲು ಉಳಿದ 31 ತೋಟಾಗಳನ್ನು ಬಿಚ್ಚಿದೆವು. ಟೊಳ್ಳು ಸುತ್ತಿಗೆಯಂಥ ಸಾಧನದೊಳಗೆ ತೋಟಾ ಸಿಕ್ಕಿಸಿ ಮರದ ದಿಮ್ಮಿಗೆ ಕುಟ್ಟಿದರೆ ಗುಂಡೂ ಮದ್ದೂ ಕಳಚಿ ಕೆಳಗೆ ಬೀಳುತ್ತವೆ. ಒಂದೊಂದರ ಮದ್ದನ್ನೂ ಹಿರಿಯರ ಹಳೆಯ ದಂಡಿಗೆ ತಕ್ಕಡಿಯಲ್ಲಿ ತೂಗಿದೆವು. ಮದ್ದಿನ ತೂಕಕ್ಕೆ ಅಮೆರಿಕದಲ್ಲಿ ಗ್ರೇನ್ ಎಂಬ ಅಳತೆ, ಒಂದು ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ. ನಮ್ಮ ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದ ಗುಲಗಂಜಿ 120 ಮಿಲಿಗ್ರಾಂ ಆಸುಪಾಸು. ಹಾಗಾಗಿ ಒಂದು ಗ್ರೇನ್ ಎಂದರೆ ಅರ್ಧ ಗುಲಗಂಜಿ ಎಂದು ನಾನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ. ನನ್ನ 31 ತೋಟಾಗಳಲ್ಲಿ ಅತಿ ಹೆಚ್ಚು ಮತ್ತು ಅತಿ ಕಡಿಮೆ ತೂಕದ ನಡುವೆ 0.3 ಗ್ರೇನ್ ಅಂತರವಿತ್ತು. ಗುಲಗಂಜಿಯ ಆರನೆಯ ಒಂದು ಪಾಲು. ಐವತ್ತು ಗ್ರೇನ್ ಮದ್ದು ಹಿಡಿಯುವ ದೊಡ್ಡ ತೋಟಾದಲ್ಲಿ ಅದು ನೂರಕ್ಕೆ ಒಂದೂ ಆಗದು. ಹನ್ನೆರಡು ಗ್ರೇನ್ ಆಜುಬಾಜಿನ ಹಾರ್ನೆಟ್‌ನಲ್ಲಿ ಅದೇ ನೂರಕ್ಕೆ ಎರಡೂವರೆ.

ತಪ್ಪು ನನ್ನ ಬ್ಯಾಟರಿ ತಕ್ಕಡಿಯದು ಎಂದು ಹೇಳುವಂತಿಲ್ಲ. ಅದನ್ನು ನಾನು ಇಟ್ಟಿದ್ದ ಜಾಗದ್ದು. ನೆಲಮಾಳಿಗೆಯಲ್ಲಿ ಗುಂಯ್‌ಗುಡುವ ಟ್ಯೂಬ್‌ಲೈಟಿನ ಕೆಳಗೆ, ಗಾಳಿ ಊದುವ ಕಿಂಡಿಯ ಪಕ್ಕ ಇಟ್ಟು, ಆನ್ ಮಾಡಿದ ನಿಮಿಷದಲ್ಲೇ ತೂಗಲು ಶುರು ಮಾಡುತ್ತಿದ್ದೆ. ಸೊನ್ನೆ ಮೆಲ್ಲಗೆ ಜರುಗುತ್ತಿತ್ತು, ನಾನು ಗಮನಿಸುತ್ತಿರಲಿಲ್ಲ. ಮುಂದಿನ ಕಂತನ್ನು ಹಿರಿಯರ ದಂಡಿಗೆ ತಕ್ಕಡಿಯಲ್ಲೇ ತೂಗಿದೆ. ಕಿಟಕಿ ಮುಚ್ಚಿ, ಫ್ಯಾನ್ ನಿಲ್ಲಿಸಿ, ಹತ್ತು ತೋಟಾಗೊಮ್ಮೆ ಗೊತ್ತಿರುವ ತೂಕದ ಬಟ್ಟು ಇಟ್ಟು ನೋಡುತ್ತ.

ಮುಂದಿನ ಶನಿವಾರ ಅವರು ತಮ್ಮ ವೇಗಮಾಪಕ ತಂದರು. ನಳಿಗೆಯ ಮುಂದೆ ಕೆಲವು ಅಡಿ ದೂರದಲ್ಲಿ ಎರಡು ಬೆಳಕಿನ ಕಣ್ಣು, ಗುಂಡು ಅವುಗಳ ಮೇಲೆ ಹಾದುಹೋದ ಹೊತ್ತನ್ನು ಅಳೆದು ವೇಗ ಹೇಳುತ್ತದೆ. ಮೊದಲು ಅವರು ತಮ್ಮ ಸಾಮಾನ್ಯ .22 ರೈಫಲ್ಲಿನಿಂದ ಹತ್ತು ಹೊಡೆದರು. ಯಾಕೆಂದೆ. “ಅಳೆಯುವವನು ಸುಳ್ಳು ಹೇಳುತ್ತಿಲ್ಲವಲ್ಲ, ಅದನ್ನು ಮೊದಲು ನೋಡು” ಎಂದರು. ಅದರ ಸಂಖ್ಯೆಗಳು ಅವರ ಹಳೆಯ ಪುಸ್ತಕದ ಸಂಖ್ಯೆಗಳಿಗೆ ಹೊಂದಿದವು. ಆಮೇಲೆ ನನ್ನದು. ಹತ್ತು ಈಡಿನಲ್ಲಿ ಸೆಕೆಂಡಿಗೆ 2,490 ಅಡಿಯಿಂದ 2,670 ಅಡಿಯವರೆಗೆ. ತೂಕ ಸರಿಪಡಿಸಿದ ಮೇಲೂ 180 ಅಡಿ ಅಂತರ! ಒಂದು ಬೋಲ್ಟ್ ಬಿಗಿಯಾಯಿತು. ಅದನ್ನೂ ಬರೆದುಕೊಂಡೆ.

ಹಿತ್ತಾಳೆಯ ಕಡೆ ತಿರುಗಿದೆವು. ನನ್ನ ಖಾಲಿ ತೋಟಾಗಳ ಬುಡದಲ್ಲಿ ಮೂರು ಕಂಪನಿಗಳ ಮುದ್ರೆ ಇತ್ತು. ಕೆಲವು ಎರಡು ಸಲ ಹೊಡೆದವು, ಕೆಲವು ಆರೋ ಏಳೋ. ಒಂದೊಂದಕ್ಕೂ ತೊಟ್ಟಿಕ್ಕಿ ನೀರು ತುಂಬಿ ತೂಗಿದಾಗ, ಹೊರಗಿನಿಂದ ಒಂದೇ ಥರ ಕಾಣುವ ಇವುಗಳ ಹೊಟ್ಟೆ ಒಂದೇ ಥರ ಇಲ್ಲವೆಂದು ಗೊತ್ತಾಯಿತು. ಗೋಡೆ ದಪ್ಪವಿದ್ದರೆ ಒಳಜಾಗ ಕಡಿಮೆ, ಜಾಗ ಕಡಿಮೆಯಾದರೆ ಅದೇ ಮದ್ದಿಗೆ ಒತ್ತಡ ಹೆಚ್ಚು. ಅದಕ್ಕಿಂತ ದೊಡ್ಡದು ಕೊರಳಿನ ಹಿಡಿತ. ಪ್ರೆಸ್ಸಿನ ಹಿಡಿ ಒತ್ತಿ ಗುಂಡು ಕೂರಿಸುವಾಗ ಕೆಲವು ಬೆಣ್ಣೆಗೆ ಇಳಿದಂತೆ ಇಳಿಯುತ್ತಿದ್ದವು, ಕೆಲವು ಕಿರುಗುಟ್ಟಿ ಇಳಿಯುತ್ತಿದ್ದವು. ಆ ವ್ಯತ್ಯಾಸ ನನ್ನ ಕೈಗೆ ತಿಂಗಳುಗಳಿಂದ ತಿಳಿಯುತ್ತಿತ್ತು. ತಲೆ ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಅಜ್ಜ ಗಜದ ನಾದ ಕೇಳಿ ಮತ್ತೆ ಗಿಡಿಯುತ್ತಿದ್ದದ್ದು ಇದೇ ತಾನೇ ಎಂದು ಆ ರಾತ್ರಿ ಹೊಳೆದು ನಿದ್ದೆ ಬರಲಿಲ್ಲ.

ಹಿತ್ತಾಳೆ ಹೊಡೆದಷ್ಟೂ, ಹಿಗ್ಗಿಸಿ ಕುಗ್ಗಿಸಿದಷ್ಟೂ ಗಡುಸಾಗುತ್ತದೆ. ಗಡುಸಾದ ಕೊರಳು ಪುಟಿದು ಹಿಂದಕ್ಕೆ ಬಂದು ಗುಂಡನ್ನು ಸಡಿಲ ಹಿಡಿಯುತ್ತದೆ, ಕೊನೆಗೆ ಸೀಳುತ್ತದೆ. ಹದವಾಗಿ ಕಾಯಿಸಿ ಮೆದು ಮಾಡಬಹುದು. ಆದರೆ ಹಾರ್ನೆಟ್‌ನ ಆ ತೆಳು ಕೊರಳನ್ನು ಜ್ವಾಲೆಗೆ ಹಿಡಿಯುವ ಧೈರ್ಯ ನನಗಿರಲಿಲ್ಲ, ಬುಡದವರೆಗೆ ಕಾವು ಹೋಗಿ ಬುಡ ಮೆದುವಾದರೆ ಅದು ಅಪಾಯ. ಒಂದೇ ಕಂಪನಿಯ, ಒಂದೇ ಕಂತಿನ ನೂರು ಹೊಸ ಹಿತ್ತಾಳೆ ಕೇಸು ಕೊಂಡೆ. ಹಳೆಯವನ್ನೆಲ್ಲ ಗುಜರಿ ಡಬ್ಬಿಗೆ ಹಾಕಿದೆ. ಆ ಸಲ ಅಂತರ 120 ಅಡಿಗೆ ಇಳಿಯಿತು.

ಆಮೇಲಿನ ಹೆಜ್ಜೆ ನನಗೆ ಅತ್ಯಂತ ಸೋಜಿಗದ್ದು. ಹಿರಿಯರು ಕೇಪು ಬದಲಿಸು ಎಂದರು, ರೈಫಲ್ ಕೇಪಿನ ಬದಲು ಪಿಸ್ತೂಲಿನ ಕೇಪು. ಇನ್ನೂ ದುರ್ಬಲವಾದ ಕೇಪು ಹಾಕಿದರೆ ಮದ್ದು ಇನ್ನೂ ಕೆಟ್ಟದಾಗಿ ಹೊತ್ತಿಕೊಳ್ಳುವುದಿಲ್ಲವೇ? ಅವರು ಕಾಗದದ ಮೇಲೆ ತೋಟಾದ ಚಿತ್ರ ಬರೆದರು. ರೈಫಲ್ ಕೇಪು ದೊಡ್ಡ ಹೊಟ್ಟೆಯ ತೋಟಾಗಳಿಗೆಂದು ಮಾಡಿದ್ದು, ಅದರ ಸಿಡಿತ ಜೋರು. ಹಾರ್ನೆಟ್‌ನ ಪುಟ್ಟ ಹೊಟ್ಟೆಯಲ್ಲಿ ಆ ಸಿಡಿತವೊಂದೇ ಸಾಕು, ತೆಳು ಕೊರಳಿನ ಹಿಡಿತ ಬಿಡಿಸಿ ಗುಂಡನ್ನು ಮುಂದಕ್ಕೆ ತಳ್ಳಲು. ಮದ್ದಿಗೆ ಬೆಂಕಿ ಹತ್ತುವ ಮೊದಲೇ ಗುಂಡು ಜಾಗ ಬಿಟ್ಟರೆ ಒಳಗಿನ ಜಾಗ ಹಿಗ್ಗುತ್ತದೆ. ಒಂದು ತೋಟಾದಲ್ಲಿ ಕೂದಲೆಳೆಯಷ್ಟು, ಇನ್ನೊಂದರಲ್ಲಿ ಅಕ್ಕಿಕಾಳಿನಷ್ಟು. ಮದ್ದು ಉರಿಯಲು ಶುರು ಮಾಡುವ ಕೋಣೆಯೇ ಪ್ರತಿ ಸಲ ಬೇರೆ ಎಂದ ಮೇಲೆ ಒತ್ತಡ ಒಂದೇ ಇರುವುದು ಹೇಗೆ?

ಹಾಗೆಂದು ಸುಮ್ಮನೆ ಬದಲಿಸುವಂತಿಲ್ಲ. ಪಿಸ್ತೂಲ್ ಕೇಪಿನ ಬಟ್ಟಲು ತೆಳುವಾದ ಲೋಹ, ಹೆಚ್ಚಿನ ಒತ್ತಡಕ್ಕೆ ತೂತು ಬೀಳಬಹುದು. ಆ ಕೇಪಿನೊಂದಿಗೇ ಪರೀಕ್ಷಿಸಿದ ಲೆಕ್ಕ ಅಚ್ಚಾದ ಕೈಪಿಡಿಯಲ್ಲಿ ಇದೆಯೇ ಎಂದು ಅವರು ಮೊದಲು ತೆಗೆದು ತೋರಿಸಿದರು. ಆಮೇಲೆ ಅದರ ಅತಿ ಕಡಿಮೆ ತೂಕದಿಂದ ಮತ್ತೆ ಮೊದಲಿನಿಂದ ಶುರು. ಮೂರು ಶನಿವಾರ ಬೇಕಾಯಿತು. ಅಂತರ 90 ಅಡಿಗೆ ಬಂತು.

ಆ ತೊಂಬತ್ತರಲ್ಲಿ ಇನ್ನೊಂದು ಗುಟ್ಟಿತ್ತು, ಅದನ್ನು ಕಂಡುಕೊಂಡದ್ದು ನಾನೇ ಎಂದು ಹೇಳಿಕೊಳ್ಳಲು ಸಂತೋಷವಿದೆ. ಪುಸ್ತಕ ತಿರುವುತ್ತ ಒಂದು ಸಂಗತಿ ಕಂಡಿತು. ಪೆಟ್ಟಿಗೆಯಿಂದ ತೋಟಾ ತೆಗೆದು ನೇರ ಹಾಕಿ ಹೊಡೆದದ್ದಕ್ಕೂ, ನಳಿಗೆಯನ್ನು ಮೇಲಕ್ಕೆತ್ತಿ ಹೆಗಲಿಗೆ ತಂದು ಹೊಡೆದದ್ದಕ್ಕೂ ವೇಗದಲ್ಲಿ ವ್ಯತ್ಯಾಸವಿದ್ದಂತಿತ್ತು. ನನ್ನ ಮದ್ದು ತೋಟಾದ ಮುಕ್ಕಾಲು ಭಾಗವನ್ನೂ ತುಂಬುತ್ತಿರಲಿಲ್ಲ. ಅಂದರೆ ಅದು ಒಳಗೆ ಅಡ್ಡಾಡುತ್ತಿತ್ತು. ಐದು ತೋಟಾಗಳನ್ನು ನಳಿಗೆ ಆಕಾಶಕ್ಕೆತ್ತಿ ಮೆಲ್ಲಗೆ ಇಳಿಸಿ ಹೊಡೆದೆ, ಮದ್ದು ಕೇಪಿನ ಹತ್ತಿರ ಇರಲೆಂದು. ಐದನ್ನು ನಳಿಗೆ ನೆಲಕ್ಕೆ ಬಾಗಿಸಿ ಮೆಲ್ಲಗೆ ಎತ್ತಿ ಹೊಡೆದೆ, ಮದ್ದು ಗುಂಡಿನ ಬೆನ್ನಿಗೆ ಜಾರಿರಲೆಂದು. ಮೊದಲ ಐದರ ಸರಾಸರಿ ವೇಗ ಎರಡನೆಯ ಐದಕ್ಕಿಂತ 60 ಅಡಿ ಹೆಚ್ಚು! ಹಿರಿಯರು ಸಂಖ್ಯೆಗಳನ್ನು ಎರಡು ಸಲ ನೋಡಿ, ನನ್ನ ಬೆನ್ನು ತಟ್ಟಿದರು. ಮುಂದಿನ ವಾರ ಲಿಲ್‌ಗನ್ ಎಂಬ ಮದ್ದು ತಂದುಕೊಟ್ಟರು. ಅದು .410 ಚರೆ ತೋಟಾಗಳಿಗಾಗಿ ಹುಟ್ಟಿದ ಮದ್ದು, ಆದರೆ ಹಾರ್ನೆಟ್‌ನ ಹೊಟ್ಟೆಯನ್ನು ಗುಂಡಿನ ಬುಡದವರೆಗೆ ತುಂಬುತ್ತದೆ. ಮತ್ತೆ ಕೈಪಿಡಿ, ಮತ್ತೆ ಅತಿ ಕಡಿಮೆ ತೂಕ. ಆಗಸ್ಟ್ ಕೊನೆಯಲ್ಲಿ ಹತ್ತು ಈಡಿನ ಅಂತರ 44 ಅಡಿ. ಇನ್ನೂರು ಗಜದ ಗುರಿಹಾಳೆಯ ಮೇಲೆ ಮೇಲೂ ಕೆಳಗೂ ಚದುರುತ್ತಿದ್ದ ತೂತುಗಳು ಒಂದು ಕಾಫಿ ಲೋಟದ ಬಾಯಿಯೊಳಗೆ ಬಂದು ಕೂತವು.

ಕೊರಳಿನ ಮಸಿ ಹೋಯಿತು. ಬಿಗಿಯುವ ಬೋಲ್ಟು ಹೋಗಲಿಲ್ಲ.

ಇದು ನನ್ನನ್ನು ಬಹಳ ಕಾಡಿತು. ಇಪ್ಪತ್ತಕ್ಕೆ ಒಂದೋ ಎರಡೋ, ಇದ್ದಕ್ಕಿದ್ದಂತೆ ಹಿಡಿ ಗಟ್ಟಿಯಾಗಿ, ಕೇಪು ಚಪ್ಪಟೆಯಾಗಿ ಬರುತ್ತಿತ್ತು. ಬಿಸಿಲಿನ ಅನುಮಾನ ಬಂತು. ಜುಲೈ ಬಿಸಿಲಲ್ಲಿ ಕಾಂಕ್ರೀಟ್ ಮೇಜಿನ ಮೇಲೆ ಕಾದ ತೋಟಾದ ಒತ್ತಡ ಏರುವುದು ನಿಜ. ಪೆಟ್ಟಿಗೆಯನ್ನು ನೆರಳಿಗೆ ಸರಿಸಿ, ಒದ್ದೆ ಟವೆಲ್ ಹೊದಿಸಿ ಇಟ್ಟೆ. ಗುಣ ಕಾಣಲಿಲ್ಲ. ಕೇಸಿನ ಉದ್ದ ಅಳೆದೆ, ಉದ್ದ ಬೆಳೆದ ಕೊರಳು ಚೇಂಬರಿನ ತುದಿಗೆ ತಾಗಿ ಗುಂಡನ್ನು ಹಿಸುಕುವುದುಂಟು. ಎಲ್ಲ ಮಿತಿಯೊಳಗೇ ಇದ್ದವು.

ಹಿರಿಯರು ನನ್ನ ನೋಟುಪುಸ್ತಕವನ್ನು ಒಂದು ರಾತ್ರಿ ಇಟ್ಟುಕೊಂಡರು. ಮರುದಿನ ಬೆಳಿಗ್ಗೆ ಬೇಲಿಯಾಚೆಯಿಂದಲೇ ಕೂಗಿದರು. ಬಿಗಿಯಾದ ಪ್ರತಿ ಈಡಿನ ಸುತ್ತ ಪೆನ್ಸಿಲಿನಲ್ಲಿ ಗುಂಡಗೆ ಗೆರೆ ಎಳೆದಿದ್ದರು.

“ಈ ಸಂಖ್ಯೆ ಓದು.”

ಓದಿದೆ. ಬಿಗಿಯಾದ ಈಡುಗಳ ವೇಗ ಉಳಿದವುಗಳಂತೆಯೇ ಇತ್ತು. ಒಂದೂ ಹೆಚ್ಚಿರಲಿಲ್ಲ.

“ಒತ್ತಡ ಅಷ್ಟು ಏರಿದ್ದರೆ ಗುಂಡು ಓಡಬೇಕಿತ್ತಲ್ಲ? ಗುಂಡು ಓಡಿಲ್ಲ. ಕೇಪು ಮಾತ್ರ ಕೂಗುತ್ತಿದೆ. ಈಗ ಅದರ ಹಿಂದಿನ ಸಾಲು ಓದು.”

ಹಿಂದಿನ ಸಾಲುಗಳಲ್ಲಿ ಪ್ರತಿ ಸಲವೂ ನನ್ನದೇ ಅಕ್ಷರದಲ್ಲಿ ಒಂದೇ ಮಾತಿತ್ತು: ನಳಿಗೆ ಸ್ವಚ್ಛ ಮಾಡಿದೆ, ಎಣ್ಣೆ ಹಾಕಿದೆ.

ನಾನು ನಿಂತಲ್ಲೇ ಕಲ್ಲಾದೆ. ತೋಟಾ ಸಿಡಿದಾಗ ಹಿತ್ತಾಳೆ ಹಿಗ್ಗಿ ಚೇಂಬರಿನ ಒಣ ಗೋಡೆಯನ್ನು ಬಿಗಿಯಾಗಿ ಹಿಡಿದುಕೊಳ್ಳಬೇಕು. ಹಿಂದಕ್ಕೆ ಒದೆಯುವ ಬಲದಲ್ಲಿ ಒಂದು ಪಾಲನ್ನು ಆ ಹಿಡಿತ ಹೊರುತ್ತದೆ. ಗೋಡೆಗೆ ಎಣ್ಣೆ ಇದ್ದರೆ ಹಿತ್ತಾಳೆ ಜಾರುತ್ತದೆ, ಇಡೀ ಒದೆತ ಬೋಲ್ಟಿನ ಮುಖಕ್ಕೆ ಬೀಳುತ್ತದೆ, ಕೇಪು ಅದಕ್ಕೆ ಅಪ್ಪಳಿಸಿ ಚಪ್ಪಟೆಯಾಗುತ್ತದೆ. ಗುರುತು ಹೆಚ್ಚಿನ ಒತ್ತಡದ್ದು, ಒತ್ತಡ ಮಾತ್ರ ಹೆಚ್ಚಿಲ್ಲ. ಆದರೆ ರೈಫಲ್ಲಿಗೆ ಬೀಳುವ ಪೆಟ್ಟು ನಿಜವಾದದ್ದೇ. ಮದ್ದಿನ ತಪ್ಪೆಂದು ನಾನು ಹುಡುಕುತ್ತಿದ್ದದ್ದು ನನ್ನ ಕೈಯಲ್ಲಿದ್ದ ಬಟ್ಟೆಯಲ್ಲಿತ್ತು. ಎರಡು ಬೇರೆ ಕಾಯಿಲೆಗಳನ್ನು ಒಂದೇ ಎಂದುಕೊಂಡು ಮೂರು ತಿಂಗಳು ಔಷಧ ಕೊಟ್ಟಿದ್ದೆ.

ಎಲ್ಲವನ್ನೂ ಅನುಮಾನಿಸಿದ್ದೆ, ತಕ್ಕಡಿ, ಹಿತ್ತಾಳೆ, ಕೇಪು, ಬಿಸಿಲು. ಎಣ್ಣೆಯನ್ನು ಅನುಮಾನಿಸಲೇ ಇಲ್ಲ. ಅದು ಅಜ್ಜನಿಂದ ಬಂದದ್ದು. ಆ ವಾಸನೆಯಲ್ಲಿ ನಮ್ಮ ಮನೆಯ ಸಂಜೆ ಇತ್ತು. ನನ್ನ ಮಟ್ಟಿಗೆ ಕೋವಿಗೆ ಎಣ್ಣೆ ಹಾಕುವುದೆಂದರೆ ಅದನ್ನು ಪ್ರೀತಿಸುವುದು ಎಂದೇ ಅರ್ಥ.

ಸೆಪ್ಟೆಂಬರ್ ಮೊದಲ ವಾರ, ನಮ್ಮ ಆಯುಧಪೂಜೆಯಾದ ಕೈಲ್‌ಪೊಳ್ದ್ ಹಬ್ಬಕ್ಕೆ ಅಪ್ಪನಿಗೆ ಫೋನ್ ಮಾಡಿದಾಗ ಇದನ್ನೆಲ್ಲ ಹೇಳಿದೆ. ಅಪ್ಪ ತಾಳ್ಮೆಯಿಂದ ಕೇಳಿಸಿಕೊಂಡರು. ಆಮೇಲೆ, “ಅಜ್ಜ ಎಣ್ಣೆ ಹಾಕುತ್ತಿದ್ದದ್ದು ಕೋವಿಯನ್ನು ಇಡುವಾಗ. ಹೊಡೆಯುವ ಮೊದಲು ಏನು ಮಾಡುತ್ತಿದ್ದರು, ನೆನಪಿದೆಯಾ ಮಗಾ?” ಎಂದರು.

ನೆನಪಿರಲಿಲ್ಲ. ಅಪ್ಪ ಹೇಳಿದ ಮೇಲೆ ಬಂತು. ಬೆಳಿಗ್ಗೆ ಅಂಗಳಕ್ಕೆ ಇಳಿದ ಅಜ್ಜ ಗಜದ ತುದಿಗೆ ಒಣ ಬಟ್ಟೆ ಸುತ್ತಿ ನಳಿಗೆಯ ತಳದವರೆಗೆ ಇಳಿಸಿ ತಿರುಗಿಸಿ ತೆಗೆಯುತ್ತಿದ್ದ. ಆಮೇಲೆ ಮದ್ದೂ ಗುಂಡೂ ಇಲ್ಲದೆ ಬರೀ ಕೇಪು ಇಟ್ಟು ಒಂದೆರಡು ಸಲ ಕೋವಿಯ ಕುದುರೆ ಬಿಡುತ್ತಿದ್ದ. ಚಟ್ಟೆಂಬ ಸದ್ದು, ಕೋವಿಯ ಕಿವಿಯಲ್ಲಿ ಸಣ್ಣ ಹೊಗೆ. ಅದು ಮಕ್ಕಳಾದ ನಮ್ಮನ್ನು ರಂಜಿಸಲು ಎಂದೇ ನಾನು ತಿಳಿದಿದ್ದೆ. ಚಪ್ಪಾಳೆ ತಟ್ಟುತ್ತಿದ್ದೆವು. ಕೇಪಿನ ಆ ಬೆಂಕಿ ಕಿಂಡಿಯಲ್ಲಿ ಉಳಿದ ಎಣ್ಣೆಯನ್ನು ಸುಟ್ಟು ಒಣಗಿಸಲು ಎಂಬುದು ನನಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಸಂಜೆಯ ಅರ್ಧವನ್ನು ಮಾತ್ರ ಉಳಿಸಿಕೊಂಡು ಸಮುದ್ರ ದಾಟಿದ್ದೆ.

ಅಂದಿನಿಂದ ನನ್ನ ಚೀಲದಲ್ಲಿ ಒಂದು ಗಿಡ್ಡ ಕಡ್ಡಿ, ಅದರ ತುದಿಗೆ ಸುತ್ತಲು ಒಣ ಹತ್ತಿ ಬಟ್ಟೆ ಇರುತ್ತದೆ. ಎಣ್ಣೆ ಹಾಕುವುದನ್ನು ಬಿಟ್ಟಿಲ್ಲ. ಹೊಡೆಯುವ ಮೊದಲು ಚೇಂಬರನ್ನೂ ನಳಿಗೆಯನ್ನೂ ಬಟ್ಟೆ ಬೆಳ್ಳಗೆ ಹೊರಬರುವವರೆಗೆ ಒರೆಸುತ್ತೇನೆ. ಆಮೇಲೆ ಆ ರೈಫಲ್ಲಿನಲ್ಲಿ ಬೋಲ್ಟ್ ಬಿಗಿದದ್ದಿಲ್ಲ.

2013ರ ಕೈಲ್‌ಪೊಳ್ದ್‌ಗೆ ಊರಿಗೆ ಹೋದೆ. ನಾಟಿ ಮುಗಿದು ಗದ್ದೆಗಳು ಹಸಿರಾಗಿದ್ದವು. ದೇವರ ಕೋಣೆಯಾದ ಕನ್ನಿಕೋಂಬರೆಯಲ್ಲಿ ಪೂಜೆಯಾದ ಮೇಲೆ ಕೋವಿಗಳ ಬಾಯಿಗೆ ಸಿಕ್ಕಿಸಿದ್ದ ತೋಕ್‌ಪೂ ಹೂವನ್ನು ತೆಗೆದು, ಅಜ್ಜನ ಕೇಪಿನ ಕೋವಿಯನ್ನು ಅಪ್ಪ ನನ್ನ ಕೈಗೆ ಕೊಟ್ಟರು. ಅವರ ಭುಜ ಈಗ ಅದನ್ನು ಹೊರುವುದಿಲ್ಲ. ಒಣ ಬಟ್ಟೆಯನ್ನು ಗಜಕ್ಕೆ ಸುತ್ತಿ ಇಳಿಸಿ ತೆಗೆದೆ. ಹಳದಿಯಾಗಿ ಬಂತು. ಇನ್ನೊಂದು ಬಟ್ಟೆ, ಮತ್ತೊಂದು. ಆಮೇಲೆ ಕೇಪು ಇಟ್ಟೆ.

“ನೆಲಕ್ಕೆ ಹಿಡಿ,” ಎಂದರು ಅಪ್ಪ. “ಆ ಹುಲ್ಲಿಗೆ. ಹತ್ತಿರ.”

ಅಂಗಳದ ಅಂಚಿನ ಒಂದು ಹುಲ್ಲೆಸಳಿಗೆ ನಾಲ್ಕು ಬೆರಳು ದೂರದಲ್ಲಿ ನಳಿಗೆಯ ಬಾಯಿ ಹಿಡಿದು ಕುದುರೆ ಬಿಟ್ಟೆ. ಚಟ್ಟೆಂದಿತು. ಎಸಳು ಅಲುಗಲಿಲ್ಲ. ಅಪ್ಪ ಇನ್ನೊಂದು ಕೇಪು ಕೊಟ್ಟರು. ಎರಡನೆಯ ಸಲ ಆ ಉದ್ದನೆಯ ನಳಿಗೆಯ ತಳದಿಂದ ಕೇಪಿನ ಉಸಿರು ಬಾಯಿಯವರೆಗೆ ಹಾದು ಬಂತು. ಮಳೆಹನಿ ಹೊತ್ತಿದ್ದ ಎಸಳು ಒಮ್ಮೆ ಹಿಂದಕ್ಕೆ ಬಾಗಿ, ಹನಿ ಚೆಲ್ಲಿ, ಮೆಲ್ಲಗೆ ನೇರವಾಯಿತು.

“ಈಗ ತುಂಬು,” ಎಂದರು.